ಹೆಸರಾದ ಮೇಲಿನ ಅಕ್ಷರಗಳು

ಬೋರ್ಡು ಓದುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇದೆ. ಹೊಸ ಊರಿಗೆ ಹೋದರೆ ಬಸ್‌ಸ್ಟ್ಯಾಂಡಿನ ಎದುರಿನ ರಸ್ತೆಯಲ್ಲಿ ಒಂದು ಸುತ್ತು ಹಾಕದೆ ಇರಲಾರೆ. ಔಷಧದಂಗಡಿಯ ಪಕ್ಕದ ಮೆಟ್ಟಿಲ ಬಳಿ, ಕೋರ್ಟಿನ ಹಿಂದಿನ ಬೀದಿಯ ಕಾಂಪೌಂಡುಗಳ ಮೇಲೆ, ಮಹಡಿಯ ಕಿಟಕಿಗಳ ಕೆಳಗೆ ಹೆಸರುಗಳು ಸಾಲಾಗಿ ಕಾಣುತ್ತವೆ. ಒಂದೊಂದು ಹೆಸರಾದ ಮೇಲೂ ಚುಕ್ಕೆ ಇಟ್ಟ ಅಕ್ಷರಗಳು: ಎಂ.ಬಿ.ಬಿ.ಎಸ್., ಡಿ.ಸಿ.ಎಚ್.; ಬಿ.ಎ., ಎಲ್‌ಎಲ್.ಬಿ.; ಬಿ.ಕಾಂ., ಎಫ್.ಸಿ.ಎ.; ಬಿ.ಇ., ಎಂ.ಐ.ಇ. ಇವನ್ನು ಓದುತ್ತ ಹೋದರೆ ಆ ಊರಿನ ಮಕ್ಕಳು ಏನೇನು ಓದಿದರು, ಯಾರು ಹೊರಗೆ ಓದಿ ಮರಳಿ ಬಂದರು, ಮಕ್ಕಳ ಡಾಕ್ಟರು ಇದ್ದಾರೆಯೇ, ಕಣ್ಣಿನವರಿಗೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕೇ ಎಂಬುದೆಲ್ಲ ಯಾರನ್ನೂ ಕೇಳದೆ ತಿಳಿದುಬಿಡುತ್ತದೆ.

ಓದಿದ್ದನ್ನು ಹೀಗೆ ಹೆಸರಿನ ಜೊತೆ ಬರೆದುಕೊಳ್ಳುವುದು ಸರಿಯೇ ಎಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಹಿರಿಯರನ್ನು ಕೇಳಿದರೆ "ತುಂಬಿದ ಕೊಡ ತುಳುಕುವುದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಕಷ್ಟಪಟ್ಟು ಓದಿದ್ದೇವೆ, ಬರೆದುಕೊಂಡರೆ ತಪ್ಪೇನು ಎಂಬುದು ಕಿರಿಯರ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಬರೆದುಕೊಳ್ಳುವವನ ಗುಣವನ್ನಷ್ಟೇ ನೋಡುತ್ತಾರೆ, ಓದುವವನನ್ನು ಮರೆಯುತ್ತಾರೆ. ನನ್ನನ್ನು ಕೇಳಿದರೆ, ಆ ಅಕ್ಷರಗಳು ಇರುವುದೇ ಓದುವವನಿಗಾಗಿ. ನನ್ನ ಮಾತು ನಂಬಿ ಇನ್ನೊಬ್ಬರು ಮಾತ್ರೆ ನುಂಗುವುದಾದರೆ, ಮನೆ ಕಟ್ಟುವುದಾದರೆ, ಸಹಿ ಹಾಕುವುದಾದರೆ, ನಾನು ಏನು ಓದಿದ್ದೇನೆಂದು ಅವರಿಗೆ ಮೊದಲೇ ಹೇಳುವುದು ನನ್ನ ಕರ್ತವ್ಯ. ಅಂಥ ಭಾರ ಯಾರ ಮೇಲೂ ಬೀಳದ ಕಡೆ ಬರಿಯ ಹೆಸರು ಸಾಕು.

ಹೆಸರಿಗೆ ವಿಶೇಷಣ ಸೇರಿಸುವ ಚಾಳಿ ಇಂಗ್ಲಿಷ್ ವಿದ್ಯೆಯ ಜೊತೆ ಬಂದದ್ದೇನೂ ಅಲ್ಲ. ಕಲ್ಯಾಣದ ಚಾಲುಕ್ಯರ ಯಾವ ಶಾಸನವನ್ನು ತೆಗೆದರೂ ಅರಸನ ಹೆಸರು ಬರುವ ಮೊದಲು ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂದು ಬಿರುದಾವಳಿ ಹರಿಯುತ್ತದೆ. ಕವಿಗಳಿಗೂ ಇತ್ತು: ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಪೊನ್ನ, ಚಾಲುಕ್ಯ ತೈಲಪನಿಂದ ರನ್ನ, ಹೊಯ್ಸಳ ವೀರಬಲ್ಲಾಳನಿಂದ ಜನ್ನ ಪಡೆದ ಬಿರುದುಗಳಿಂದಾಗಿ ಈ ಮೂವರನ್ನೂ ನಾವು ಕವಿಚಕ್ರವರ್ತಿಗಳೆಂದೇ ಓದಿದ್ದೇವೆ. ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ದಾನಚಿಂತಾಮಣಿ. ಇವುಗಳಲ್ಲೆಲ್ಲ ನನಗೆ ಬಹಳ ಮೆಚ್ಚಿಗೆಯಾದದ್ದು ಹೊಯ್ಸಳ ವಿಷ್ಣುವರ್ಧನನ ಒಂದು ಬಿರುದು, ತಲಕಾಡುಗೊಂಡ. ಚೋಳರಿಂದ ತಲಕಾಡನ್ನು ಗೆದ್ದುಕೊಂಡದ್ದಕ್ಕೆ ಬಂದ ಹೆಸರು ಅದು. ಪರಮೇಶ್ವರ ಎಂದರೆ ಆ ಅರಸ ಏನು ಮಾಡಿದನೆಂದು ತಿಳಿಯುವುದಿಲ್ಲ. ತಲಕಾಡುಗೊಂಡ ಎಂದರೆ ಎಲ್ಲಿಗೆ ಹೋದ, ಏನು ಮಾಡಿಬಂದ ಎಲ್ಲವೂ ತಿಳಿಯುತ್ತದೆ. ಮಾಡಿದ ಕೆಲಸವನ್ನು ಹೇಳುವ ಬಿರುದು, ಬರಿದೇ ಹೊಗಳುವ ಬಿರುದು ಎಂಬ ಈ ಭೇದವನ್ನು ನೆನಪಿಟ್ಟುಕೊಂಡರೆ ಈಗಿನ ಡಿಗ್ರಿಗಳ ವಿಚಾರದಲ್ಲೂ ದಾರಿ ಸಿಗುತ್ತದೆ.

ಬ್ರಿಟಿಷರ ಕಾಲದಲ್ಲಿ ರಾವ್ ಬಹದ್ದೂರ್, ಸರ್ ಇತ್ಯಾದಿಗಳು ಬಂದವು. ನಮ್ಮ ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಕೆ.ಸಿ.ಐ.ಇ. ಬಂತು, ಅವರು ಸರ್ ಎಂ.ವಿ. ಆದರು. ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 18ನೆಯ ವಿಧಿ ಈ ಬಗೆಯ ಬಿರುದುಗಳಿಗೆ ಕೊನೆ ಹಾಡಿತು. ಸೈನ್ಯಕ್ಕೆ, ವಿದ್ಯೆಗೆ ಸಂಬಂಧಿಸಿದ ಗೌರವಗಳನ್ನು ಬಿಟ್ಟು ಬೇರೆ ಯಾವ ಬಿರುದನ್ನೂ ಸರ್ಕಾರ ಕೊಡಕೂಡದು ಎಂದಿತು. ವಿದ್ಯೆಗೆ ಅಲ್ಲಿ ವಿನಾಯಿತಿ ಕೊಟ್ಟದ್ದನ್ನು ಗಮನಿಸಬೇಕು. ಹುಟ್ಟಿನಿಂದಲೋ ಅರಸನ ಕೃಪೆಯಿಂದಲೋ ಬಂದ ದೊಡ್ಡಸ್ತಿಕೆ ಬೇಡ, ಓದಿ ಗಳಿಸಿದ್ದು ಇರಲಿ ಎಂಬ ಎಣಿಕೆ ಅದರಲ್ಲಿದೆ. ಹಾಗಾದರೆ ಭಾರತರತ್ನ, ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವೇ ಎಂದು ಕೆಲವರು ಕೋರ್ಟಿಗೆ ಹೋದರು. 1995ರಲ್ಲಿ ಸುಪ್ರೀಂ ಕೋರ್ಟು, ಇವು ಬಿರುದುಗಳಲ್ಲ, ಆದರೆ ಇವನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಸನ್ಮಾನದ ಬ್ಯಾನರುಗಳಲ್ಲಿ ಪದ್ಮಶ್ರೀ ಹೆಸರಿಗೆ ಅಂಟಿಕೊಂಡೇ ಬರುತ್ತದೆ. ಬ್ಯಾನರ್ ಬರೆಸುವವರ ಅಭಿಮಾನ ದೊಡ್ಡದು, ನಿಜ. ಆದರೆ ಪ್ರಶಸ್ತಿ ಪಡೆದವರನ್ನು ನಿಯಮ ಮುರಿದವರಂತೆ ಕಾಣಿಸಬಾರದು. "ಪದ್ಮಶ್ರೀ ಪುರಸ್ಕೃತರು" ಎಂದು ಕೆಳಗೆ ಬೇರೆ ಸಾಲಿನಲ್ಲಿ ಬರೆದರೆ ಗೌರವಕ್ಕೇನೂ ಕೊರತೆಯಾಗುವುದಿಲ್ಲ.

ಅಕ್ಷರಗಳು ಕಡ್ಡಾಯವಾಗಿ ಇರಲೇಬೇಕಾದ ಜಾಗ ಯಾವುದೆಂದರೆ ಡಾಕ್ಟರ ಚೀಟಿ. ವೈದ್ಯರ ವೃತ್ತಿ ನಡವಳಿಕೆಯ ಬಗ್ಗೆ 2002ರಲ್ಲಿ ಬಂದ ನಿಯಮಾವಳಿಯಲ್ಲಿ ಎರಡು ಸಣ್ಣ ಕಲಮುಗಳಿವೆ. ಕ್ಲಿನಿಕ್ಕಿನಲ್ಲಿ, ಔಷಧ ಚೀಟಿಯಲ್ಲಿ, ಕೊಡುವ ಸರ್ಟಿಫಿಕೇಟು, ಹಣದ ರಸೀದಿಗಳಲ್ಲಿ ವೈದ್ಯರು ತಮ್ಮ ನೋಂದಣಿ ಸಂಖ್ಯೆ ತೋರಿಸಬೇಕು ಎನ್ನುತ್ತದೆ ಒಂದು. ಹೆಸರಾದ ಮೇಲೆ ಮಾನ್ಯತೆ ಪಡೆದ ವೈದ್ಯ ಪದವಿಗಳನ್ನು, ಇಲ್ಲವೆ ನಿಜವಾದ ವೃತ್ತಿಜ್ಞಾನ ಕೊಡುವ ಡಿಪ್ಲೊಮಾ, ಸದಸ್ಯತ್ವ, ಗೌರವಗಳನ್ನು ಮಾತ್ರ ಹಾಕಬೇಕು ಎನ್ನುತ್ತದೆ ಇನ್ನೊಂದು. ಬೋರ್ಡಿನ ಅಕ್ಷರಗಳೆಲ್ಲವೂ ಒಂದೇ ತೂಕದವಲ್ಲ ಎಂದು ಗೊತ್ತಿದ್ದವರು ಬರೆದ ನಿಯಮ ಇದು.

ನಮ್ಮ ಮನೆಯಲ್ಲಿ ಹಳೆಯ ಚೀಟಿಗಳ ಒಂದು ಫೈಲು ಇದೆ. ಅದರಿಂದ ಒಂದನ್ನು ತೆಗೆದು ಎದುರಿಗಿಟ್ಟುಕೊಂಡಿದ್ದೇನೆ. ತಲೆಯ ಮೇಲೆ ಎಡಗಡೆ ಹೆಸರು, ಅದರ ಕೆಳಗೆ ಎಂ.ಬಿ.ಬಿ.ಎಸ್., ಎಂ.ಡಿ. (ಜನರಲ್ ಮೆಡಿಸಿನ್), ಅದರ ಕೆಳಗೆ ಸಣ್ಣ ಅಚ್ಚಿನಲ್ಲಿ ಕೆ.ಎಂ.ಸಿ. ಎಂದು ಬರೆದು ಒಂದು ಸಂಖ್ಯೆ. ಕೆ.ಎಂ.ಸಿ. ಎಂದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಆ ಸಂಖ್ಯೆಯೇ ಈ ಚೀಟಿಯ ಜೀವಾಳ. ಡಿಗ್ರಿಯ ಅಕ್ಷರಗಳನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಸಂಖ್ಯೆಯಿದ್ದರೆ ಆ ಹೆಸರು ಕೌನ್ಸಿಲಿನ ಪಟ್ಟಿಯಲ್ಲಿದೆಯೇ ಎಂದು ನೋಡಿಬಿಡಬಹುದು. ಇಷ್ಟಿದ್ದೂ ನಮ್ಮ ಕಣ್ಣು ದಪ್ಪಕ್ಷರದ ಡಿಗ್ರಿಯ ಮೇಲೆ ನಿಲ್ಲುತ್ತದೆಯೇ ಹೊರತು ಸಂಖ್ಯೆಯ ಮೇಲೆ ಹೋಗುವುದೇ ಇಲ್ಲ.

ಡಿಗ್ರಿಗಳನ್ನು ಓದುವುದಕ್ಕೂ ಒಂದಿಷ್ಟು ತಿಳಿವಳಿಕೆ ಬೇಕು. ಎಂ.ಬಿ.ಬಿ.ಎಸ್. ಬುನಾದಿ. ಆಮೇಲೆ ಎಂ.ಡಿ. ಅಥವಾ ಎಂ.ಎಸ್. ಬಂದರೆ ಒಂದು ವಿಭಾಗದಲ್ಲಿ ಸ್ನಾತಕೋತ್ತರ ಓದಾಯಿತು, ಡಿ.ಎನ್.ಬಿ. ಕೂಡ ಅದೇ ಮಟ್ಟದ್ದು. ಅದಕ್ಕೂ ಮೇಲೆ ಡಿ.ಎಂ., ಎಂ.ಸಿಎಚ್. ಎಂದಿದ್ದರೆ ಹೃದಯ, ನರ, ಮೂತ್ರಪಿಂಡದಂಥ ಒಂದೇ ಅಂಗದ ಆಳಕ್ಕೆ ಇಳಿದವರು. ಡಿ.ಸಿ.ಎಚ್. ಮಕ್ಕಳಿಗೆ, ಡಿ.ಜಿ.ಒ. ಹೆರಿಗೆ ಮತ್ತು ಸ್ತ್ರೀರೋಗಕ್ಕೆ ಸಂಬಂಧಿಸಿದ ಡಿಪ್ಲೊಮಾ. ಒಂದು ಎಚ್ಚರಿಕೆಯೂ ಬೇಕು. ಅಮೆರಿಕ, ರಷ್ಯಾಗಳಲ್ಲಿ ವೈದ್ಯರ ಮೊದಲ ಪದವಿಗೇ ಎಂ.ಡಿ. ಎನ್ನುತ್ತಾರೆ, ನಮ್ಮಲ್ಲಿ ಎಂ.ಡಿ. ಎಂದರೆ ಅದರ ಮುಂದಿನ ಓದು. ಇಂಗ್ಲೆಂಡಿನಲ್ಲಿ ಇನ್ನೂ ವಿಚಿತ್ರ: ಅಲ್ಲಿ ಶಸ್ತ್ರವೈದ್ಯರಾದವರು ಡಾಕ್ಟರ್ ಬಿಟ್ಟು ಮತ್ತೆ ಮಿಸ್ಟರ್ ಎಂದೋ ಮಿಸ್ ಎಂದೋ ಕರೆಸಿಕೊಳ್ಳುತ್ತಾರೆ. ಹಿಂದೆ ಅಲ್ಲಿ ಶಸ್ತ್ರವೈದ್ಯರು ವಿಶ್ವವಿದ್ಯಾಲಯದಲ್ಲಿ ಕಲಿಯದೆ ಗುರುಗಳ ಕೈಕೆಳಗೆ ಕಲಿಯುತ್ತಿದ್ದರು. ಆ ನೆನಪನ್ನು ಅವರು ಅಭಿಮಾನದಿಂದ ಉಳಿಸಿಕೊಂಡಿದ್ದಾರೆ. ಹೀಗೆ ಅಕ್ಷರಗಳ ಅರ್ಥ ಊರಿಂದೂರಿಗೆ ಬದಲಾಗುವುದರಿಂದ ಬರೆದುಕೊಳ್ಳುವವರು ಓದುವವರಿಗೆ ಅರ್ಥವಾಗುವಂತೆ ಬರೆಯಬೇಕು. "ಮಕ್ಕಳ ತಜ್ಞರು" ಎಂದು ಕನ್ನಡದಲ್ಲಿ ಒಂದು ಸಾಲು ಬರೆದರೆ, ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಬೇಕಿಲ್ಲ.

ವಕೀಲರ ಬೋರ್ಡು ನೋಡಿ, ಎಷ್ಟು ಮಿತಭಾಷಿ! ಹೆಸರು, ಬಿ.ಎ., ಎಲ್‌ಎಲ್.ಬಿ., ವಕೀಲರು, ನೋಟರಿಯಾಗಿದ್ದರೆ ಅದೊಂದು ಸಾಲು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೆಯ ನಿಯಮ ಅವರಿಗೆ ಅಷ್ಟು ಬಿಗಿಯಾಗಿದೆ. ಬೋರ್ಡು ಹದವಾದ ಅಳತೆಯಲ್ಲಿರಬೇಕು. ತಾನು ವಕೀಲರ ಸಂಘದ ಅಧ್ಯಕ್ಷನಾಗಿದ್ದೆ, ಜಡ್ಜಿಯಾಗಿದ್ದೆ, ಅಡ್ವೊಕೇಟ್ ಜನರಲ್ ಆಗಿದ್ದೆ ಎಂದು ಹಾಕಬಾರದು. ಇಂಥ ಕೇಸುಗಳಲ್ಲಿ ಪರಿಣತ ಎಂದೂ ಹೇಳಿಕೊಳ್ಳಬಾರದು. ಹಿಂದೆ ಜಡ್ಜಿಯಾಗಿದ್ದವರ ಬೋರ್ಡು ನೋಡಿ ಕಕ್ಷಿದಾರ, ಇವರಿಗೆ ಒಳಗೆ ಕೈ ಇದೆ ಎಂದುಕೊಂಡರೆ ನ್ಯಾಯದ ಮೇಲಿನ ನಂಬಿಕೆಗೇ ಪೆಟ್ಟು. ಅಷ್ಟು ದೂರ ಯೋಚಿಸಿ ಮಾಡಿದ ನಿಯಮ ಇದು ಎಂದು ನನಗೆ ತೋರುತ್ತದೆ. ಬರೆಯಬೇಕಾದ್ದನ್ನು ಬರೆಯುವುದು ಎಷ್ಟು ಮುಖ್ಯವೋ, ಬರೆಯಬಾರದ್ದನ್ನು ಬಿಡುವುದೂ ಅಷ್ಟೇ ಮುಖ್ಯ.

ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯಿದೆಯೇ ಇದೆ. ಹೊಸದಾಗಿ ಸದಸ್ಯರಾದವರು ಎ.ಸಿ.ಎ., ಐದು ವರ್ಷ ಎಡೆಬಿಡದೆ ವೃತ್ತಿ ಮಾಡಿದ ಮೇಲೆ ಎಫ್.ಸಿ.ಎ. ಆಗಬಹುದು. ಹೀಗಾಗಿ ಆ ಒಂದಕ್ಷರ ಬದಲಾದದ್ದನ್ನು ನೋಡಿದರೆ ಅನುಭವ ಎಷ್ಟೆಂಬ ಅಂದಾಜು ಸಿಗುತ್ತದೆ. ಈಗ ಅವರು ಕೊಡುವ ಪ್ರತಿ ಸರ್ಟಿಫಿಕೇಟಿಗೂ 18 ಅಂಕಿ-ಅಕ್ಷರಗಳ ಯು.ಡಿ.ಐ.ಎನ್. ಎಂಬ ಸಂಖ್ಯೆ ಇರುತ್ತದೆ. ಬ್ಯಾಂಕಿನವರು ಆ ಸಂಖ್ಯೆ ಹಾಕಿ, ಸಹಿ ನಿಜವಾಗಿ ಅವರದೇ ಎಂದು ನೋಡಿಕೊಳ್ಳಬಹುದು. ಡಾಕ್ಟರ ಚೀಟಿಯಲ್ಲಿ ಕಂಡ ಮಾತೇ ಇಲ್ಲೂ ಬಂತು, ಅಕ್ಷರದ ಬೆನ್ನಿಗೆ ಒಂದು ಸಂಖ್ಯೆ. ಆರ್ಕಿಟೆಕ್ಟ್ ಎಂಬ ಹೆಸರಿಗೂ ಕಾಯಿದೆಯ ಕಾವಲಿದೆ. 1972ರ ಕಾಯಿದೆಯ ಪ್ರಕಾರ ಕೌನ್ಸಿಲಿನಲ್ಲಿ ನೋಂದಾಯಿಸಿಕೊಳ್ಳದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ನಕ್ಷೆ ಹಾಕುವ ಕೆಲಸವನ್ನು ಬೇರೆಯವರು ಮಾಡಬಾರದೆಂದೇನೂ ಅದರಲ್ಲಿಲ್ಲ, ಹೆಸರನ್ನು ಮಾತ್ರ ಬಳಸಕೂಡದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು.

ಎಂಜಿನಿಯರುಗಳ ಮಾತು ಬಂದಾಗ ನನಗೆ ಎ.ಎಂ.ಐ.ಇ. ಎಂಬ ನಾಲ್ಕು ಅಕ್ಷರಗಳ ಮೇಲೆ ವಿಶೇಷ ಗೌರವ. ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ 1920ರಲ್ಲಿ ಹುಟ್ಟಿದ ಸಂಸ್ಥೆ. ಬಿ.ಇ. ಸೇರಲು ಮನೆಯಲ್ಲಿ ಅನುಕೂಲವಿಲ್ಲದೆ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಎಷ್ಟೋ ಮಂದಿ, ಹಗಲು ಸೈಟಿನಲ್ಲಿ ನಿಂತು, ರಾತ್ರಿ ಓದಿ, ಆ ಸಂಸ್ಥೆಯ ಎ ಮತ್ತು ಬಿ ವಿಭಾಗದ ಪರೀಕ್ಷೆಗಳನ್ನು ಒಂದೊಂದೇ ಪೇಪರಿನಂತೆ ದಾಟಿದರು. ಪಿ.ಡಬ್ಲ್ಯು.ಡಿ. ಕ್ವಾರ್ಟರ್ಸಿನ ಹಳೆಯ ಬೋರ್ಡುಗಳಲ್ಲಿ ಆ ನಾಲ್ಕು ಅಕ್ಷರ ಕಂಡರೆ, ಇವರು ನಿದ್ದೆಗೆಟ್ಟು ಗಳಿಸಿದವರು ಎಂದು ಕೈಮುಗಿಯಬೇಕೆನಿಸುತ್ತದೆ.

ಈಗ ಬೆಂಗಳೂರಿನ ಐಟಿ ಮಂದಿಯ ಪ್ರೊಫೈಲುಗಳಲ್ಲಿ ಬೇರೆ ಬಗೆಯ ಅಕ್ಷರಗಳು ಕಾಣುತ್ತವೆ. ಪ್ರಾಜೆಕ್ಟ್ ನಿರ್ವಹಣೆಯ ಪಿ.ಎಂ.ಪಿ. ಅವುಗಳಲ್ಲಿ ಹೆಸರಾದದ್ದು. ವಿಶ್ವವಿದ್ಯಾಲಯದ ಡಿಗ್ರಿಗೂ ಇವಕ್ಕೂ ದೊಡ್ಡ ವ್ಯತ್ಯಾಸವೊಂದಿದೆ. ಬಿ.ಎ. ಒಮ್ಮೆ ಪಾಸಾದರೆ ಬದುಕಿರುವವರೆಗೂ ಬಿ.ಎ.; ಪಿ.ಎಂ.ಪಿ. ಹಾಗಲ್ಲ. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಅವಧಿಯಲ್ಲಿ ಕಲಿಕೆಯ 60 ಅಂಶಗಳನ್ನು ಕೂಡಿಸಿರಬೇಕು. ಬಿಟ್ಟರೆ ಹೆಸರಿನಿಂದ ಅಕ್ಷರಗಳನ್ನೂ ತೆಗೆಯಬೇಕು. ಹಣಕಾಸಿನ ಸಿ.ಎಫ್.ಎ. ಸಂಸ್ಥೆ ಇನ್ನೊಂದು ಒಳ್ಳೆಯ ಕಟ್ಟುಪಾಡು ಮಾಡಿದೆ: ಮೂರು ಹಂತಗಳಲ್ಲಿ ಎರಡನ್ನು ದಾಟಿದವರು ಹಾಗೆಂದು ಬಯೋಡೇಟಾದಲ್ಲಿ ಹೇಳಬಹುದು, ಹೆಸರಿನ ಪಕ್ಕ ಮಾತ್ರ ಹಾಕುವಂತಿಲ್ಲ. ಮುಗಿಯದ ಓದಿಗೆ ಬಯೋಡೇಟಾ ಸರಿಯಾದ ಜಾಗ. ಹೆಸರಿನ ಪಕ್ಕದ ಜಾಗ ಮುಗಿದದ್ದಕ್ಕೆ ಮೀಸಲು. ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ತಕ್ಷಣ ಡಾ. ಎಂದು ಬರೆದುಕೊಳ್ಳಲು ಅವಸರಪಡುವ ನಮ್ಮ ಹುಡುಗರಿಗೆ ನಾನು ಹೇಳುವುದೂ ಇದನ್ನೇ. ಪ್ರಬಂಧ ಮುಗಿಸಿ, ಮೌಖಿಕ ಪರೀಕ್ಷೆ ದಾಟಿ, ವಿಶ್ವವಿದ್ಯಾಲಯ ಪದವಿ ಘೋಷಿಸಿದ ದಿನ ಬರೆದುಕೊಳ್ಳಿ, ಅಂದು ನಾವೂ ಜೊತೆಗೆ ಸಂತೋಷಪಡುತ್ತೇವೆ.

ಇಷ್ಟೆಲ್ಲ ಕಾಯಿದೆಯ ಮಾತಾಯಿತು. ಕಾಯಿದೆಗೆ ಸಿಗದ ಒಂದು ಜಾಗ ಲಗ್ನಪತ್ರಿಕೆ. ಮದುವೆಗೆ ಬರುವವರಿಗೆ ವರನ ಎಂ.ಟೆಕ್.ನಿಂದ ಆಗಬೇಕಾದ್ದೇನೂ ಇಲ್ಲ. ನಾನು ಹೇಳಿದ ಲೆಕ್ಕದಲ್ಲಿ ಅಲ್ಲಿ ಡಿಗ್ರಿ ಇರಲೇಬಾರದು. ಆದರೆ ಪ್ರೆಸ್ಸಿನಲ್ಲಿ ಒಂದು ಸಂಜೆ ಕಂಡದ್ದು ಆ ಲೆಕ್ಕವನ್ನು ಸಡಿಲಿಸಿತು. ಹೆಣ್ಣಿನ ತಂದೆ ಕರಡು ಹಿಡಿದು ಕೌಂಟರಿನ ಮುಂದೆ ನಿಂತಿದ್ದರು. ಚಿ|| ಸೌ|| ಎಂದು ಮಗಳ ಹೆಸರಿತ್ತು, ಮುಂದೆ ಖಾಲಿ. ಕೆಳಗೆ ವರನ ಹೆಸರಿನ ಮುಂದೆ ಬಿ.ಇ. ಇತ್ತು.

"ಹುಡುಗಿ ಏನ್ ಓದವ್ರೆ ಯಜಮಾನ್ರೇ?" ಎಂದು ಪ್ರೆಸ್ಸಿನವನು ಕೇಳಿದ.

"ಎಂ.ಎಸ್ಸಿ. ಫಸ್ಟ್ ಕ್ಲಾಸು. ನಮ್ಮ ಮನೆತನದಾಗೆ ಅಷ್ಟು ಓದಿದ್ದು ಅವಳೇ ಮೊದಲು. ಆದ್ರೆ ಗಂಡಿನೋರು ಏನಾದ್ರೂ ಅಂದ್ಕೊಂಡಾರು ಅಂತ…"

"ಅಂದ್ಕೊಳ್ಳಿ ಬಿಡಿ ಯಜಮಾನ್ರೇ, ಓದ್ಸಿದ್ದು ನೀವಲ್ವಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಪೆನ್ನು ತೆಗೆದು, ಮಗಳ ಹೆಸರಾದ ಮೇಲೆ ತಾವೇ ಎಂ.ಎಸ್ಸಿ. ಎಂದು ಬರೆದರು. ಹೊಲ ಮಾರಿಯೋ, ಸಾಲ ಮಾಡಿಯೋ, ಹಾಸ್ಟೆಲ್ಲಿಗೆ ತಿಂಗಳು ತಿಂಗಳು ಹಣ ಹೊಂದಿಸಿಯೋ ಓದಿಸಿದ ತಂದೆತಾಯಿಗೆ ಆ ಓದನ್ನು ಅಚ್ಚಿನಲ್ಲಿ ನೋಡುವ ಅವಕಾಶ ಬೇರೆಲ್ಲೂ ಸಿಗುವುದಿಲ್ಲ. ಆ ಅಕ್ಷರಗಳು ಮಗಳದ್ದು ಎಷ್ಟೋ ಅವರದ್ದೂ ಅಷ್ಟೇ. ಬರೆಯಲಿ, ಧಾರಾಳವಾಗಿ ಬರೆಯಲಿ. ನನ್ನ ಕೋರಿಕೆ ಒಂದೇ: ಬರೆದರೆ ಇಬ್ಬರದ್ದನ್ನೂ ಬರೆಯಿರಿ, ಹೆಣ್ಣಿನ ಓದು ಹೆಚ್ಚೆಂದು ಅದನ್ನು ಮರೆಮಾಡಬೇಡಿ.

ಇದೇ ದಾರಿಯಲ್ಲಿ ಇನ್ನೂ ದೊಡ್ಡ ಮಾತೊಂದಿದೆ. ನಮ್ಮ ಹಳ್ಳಿಗಳ ಕೇರಿಗಳಲ್ಲಿ, ಸಮುದಾಯ ಭವನಗಳಲ್ಲಿ ಬಾಬಾಸಾಹೇಬ ಅಂಬೇಡ್ಕರರ ಪಟವಿರುತ್ತದೆ. ಎಷ್ಟೋ ಕಡೆ ಪಟದ ಕೆಳಗೆ ಅವರ ಪದವಿಗಳನ್ನೆಲ್ಲ ಸಾಲಾಗಿ ಬರೆದಿರುತ್ತಾರೆ: ಎಂ.ಎ., ಪಿಎಚ್.ಡಿ., ಎಂ.ಎಸ್ಸಿ., ಡಿ.ಎಸ್ಸಿ., ಬಾರ್-ಅಟ್-ಲಾ, ಎಲ್‌ಎಲ್.ಡಿ., ಡಿ.ಲಿಟ್. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಓದಿ, ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರಾಗಿ ಗಳಿಸಿದವು ಅವು, ಎಲ್‌ಎಲ್.ಡಿ.ಯನ್ನು 1952ರಲ್ಲಿ ಕೊಲಂಬಿಯಾವೂ ಡಿ.ಲಿಟ್. ಅನ್ನು 1953ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಗೌರವವಾಗಿ ಕೊಟ್ಟವು. ಶಾಲೆಯಲ್ಲಿ ಬೇರೆ ಕೂರಿಸಿ, ನೀರು ಮುಟ್ಟಗೊಡದ ಸಮಾಜದಿಂದ ಎದ್ದುಬಂದ ಒಬ್ಬರ ಹೆಸರಿನ ಕೆಳಗೆ ಆ ಸಾಲು ನಿಂತಾಗ, ತುಂಬಿದ ಕೊಡದ ಗಾದೆಯನ್ನು ಅಲ್ಲಿ ಯಾರೂ ಹೇಳಬಾರದು. ವಿನಯ ಎಂಬುದು ಗೌರವ ಮೊದಲೇ ಸಿಕ್ಕವರಿಗೆ ಒಪ್ಪುವ ಗುಣ. ಗೌರವವನ್ನೇ ತಡೆಹಿಡಿದಿದ್ದ ಕಡೆ, ಗಳಿಸಿದ್ದನ್ನು ಎಲ್ಲರಿಗೂ ಕಾಣುವಂತೆ ಬರೆಯುವುದು ನ್ಯಾಯ ಕೇಳುವ ಒಂದು ಬಗೆ. ಆ ಪಟದ ಕೆಳಗೆ ಆಡುವ ಮಗು ಅಕ್ಷರ ಕೂಡಿಸಿ ಓದುತ್ತ, ಇಷ್ಟನ್ನೆಲ್ಲ ಓದಲು ಸಾಧ್ಯ ಎಂದು ತಿಳಿದರೆ ಆ ಸಾಲು ಬರೆಸಿದ್ದು ಸಾರ್ಥಕ.

ಹೆಂಗಸರ ವಿಚಾರದಲ್ಲೂ ಇದು ನಿಜ. ವೇದಿಕೆಯ ಮೇಲೆ ಪಿಎಚ್.ಡಿ. ಆದ ಇಬ್ಬರು ಕೂತಿದ್ದರೆ, ನಿರೂಪಕರು ಗಂಡಸನ್ನು ಡಾಕ್ಟರ್ ಎಂದೂ ಹೆಂಗಸನ್ನು ಶ್ರೀಮತಿ ಎಂದೂ ಕರೆಯುವುದನ್ನು ನೀವೂ ಕೇಳಿರುತ್ತೀರಿ. ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಲೇಡಿ ಡಾಕ್ಟರನ್ನು ಸಿಸ್ಟರ್ ಎಂದು ಕರೆದು, "ಡಾಕ್ಟ್ರು ಯಾವಾಗ ಬರ್ತಾರಮ್ಮ?" ಎಂದು ಅವರನ್ನೇ ಕೇಳುತ್ತಾರೆ. ಕೋಟಿನ ಮೇಲಿನ ಬ್ಯಾಡ್ಜಿನಲ್ಲಿ ಡಾ. ಎಂದು ದಪ್ಪವಾಗಿ ಬರೆದಿರುವುದು ಅಲ್ಲಿ ಬಹಳ ಅಗತ್ಯ. ರೋಗಿ ಯಾರ ಮಾತು ಕೇಳಬೇಕೆಂದು ತಿಳಿಯುವುದಕ್ಕೂ ಅಗತ್ಯ, ಆಕೆಯ ಓದಿಗೆ ಸಲ್ಲಬೇಕಾದ ಮರ್ಯಾದೆಗೂ ಅಗತ್ಯ.

ಇನ್ನು ಗೌರವ ಡಾಕ್ಟರೇಟು. ಕನ್ನಡಿಗರ ಬಾಯಲ್ಲಿ ಡಾ. ಎಂಬುದು ಒಬ್ಬರ ಹೆಸರಿನ ಜೊತೆ ಸೇರಿಹೋಗಿದ್ದರೆ ಅದು ರಾಜಕುಮಾರ್ ಅವರದ್ದು. ಚಿಕ್ಕ ವಯಸ್ಸಿನಲ್ಲೇ ಶಾಲೆ ಬಿಟ್ಟು ಕಂಪನಿ ನಾಟಕಕ್ಕೆ ಸೇರಿದವರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ.ಜಿ.ಯವರಿಗೂ ಅದೇ ವಿಶ್ವವಿದ್ಯಾಲಯ 1961ರಲ್ಲಿ ಡಿ.ಲಿಟ್. ಕೊಟ್ಟಿತ್ತು. ಆದರೂ ಅವರು ಇಂದಿಗೂ ನಮಗೆ ಬರಿಯ ಡಿ.ವಿ.ಜಿ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂಬ ಹೆಸರಿನ ಮೂರು ಮೊದಲಕ್ಷರಗಳೇ ಅವರಿಗೆ ಸಾಕಾದವು. ರೈತರು ನಂಜುಂಡಸ್ವಾಮಿಯವರನ್ನು ಪ್ರೊಫೆಸರ್ ಎಂದರು, ಓದುಗರು ಲಂಕೇಶರನ್ನು ಮೇಷ್ಟ್ರು ಎಂದರು. ಯಾರೂ ಬೋರ್ಡು ಹಾಕಿಸಿ ಪಡೆದದ್ದಲ್ಲ. ಜನ ತಾವಾಗಿ ಇಟ್ಟ ಅಕ್ಷರ ಪ್ರೀತಿಯ ಗುರುತು, ಅದನ್ನು ತಡೆಯಲು ಯಾರಿಂದಲೂ ಆಗದು. ತಾವಾಗಿ ಬರೆದುಕೊಳ್ಳುವುದಾದರೆ ಮಾತ್ರ ಓದಿ ಗಳಿಸಿದ್ದೇ ಆಗಿರಬೇಕು.

ಈಚೆಗೆ ಯಾವ ಯಾವುದೋ ಸಂಸ್ಥೆಗಳು ಹೋಟೆಲ್ ಸಭಾಂಗಣದಲ್ಲಿ ಗೌನು ಹಾಕಿಸಿ, ಹಣ ಪಡೆದು ಡಾಕ್ಟರೇಟ್ ಹಂಚುವುದು ಹೆಚ್ಚಾಗಿದೆ. ನಮ್ಮ ದೇಶದಲ್ಲಿ ಪದವಿ ಕೊಡುವ ಹಕ್ಕು ಕಾನೂನಿನ ಪ್ರಕಾರ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ ಮತ್ತು ಅಂಥ ಅಧಿಕಾರ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ; 1956ರ ಯು.ಜಿ.ಸಿ. ಕಾಯಿದೆ ಇದನ್ನು ಖಚಿತವಾಗಿ ಹೇಳಿದೆ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯು.ಜಿ.ಸಿ. ಹೊರಡಿಸುತ್ತದೆ. ಊರಿಗೆ ಒಳ್ಳೆಯದು ಮಾಡಿದ, ನಾಲ್ಕು ಜನರಿಗೆ ಅನ್ನ ಹಾಕಿದ ಎಷ್ಟೋ ಸಜ್ಜನರು ಇಂಥ ಬಲೆಗೆ ಬಿದ್ದು ತಮ್ಮ ಒಳ್ಳೆಯ ಹೆಸರಿಗೆ ಸಂಶಯ ತಂದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಅವರು ಮಾಡಿದ ಕೆಲಸವೇ ಅವರ ತಲಕಾಡು. ಅದಕ್ಕೆ ಸುಳ್ಳಿನ ಎರಡಕ್ಷರ ಬೇಕಿರಲಿಲ್ಲ.

ಹಾಗಾದರೆ ಎಲ್ಲಿ ಬೇಡ? ಬಡಾವಣೆಯ ಸಂಘಕ್ಕೆ ಬರೆಯುವ ಅರ್ಜಿಯಲ್ಲಿ ಬೇಡ, ಅಲ್ಲಿ ಎಲ್ಲರ ನಲ್ಲಿಗೂ ಒಂದೇ ನೀರು. ದೇವಸ್ಥಾನದ ದೇಣಿಗೆ ಕಲ್ಲಿನಲ್ಲಿ, ಶ್ರದ್ಧಾಂಜಲಿಯ ಪ್ರಕಟಣೆಯಲ್ಲಿ, ಗೆಳೆಯರಿಗೆ ಬರೆಯುವ ಕಾಗದದಲ್ಲಿ ಬೇಡ. ಕವನ ಸಂಕಲನದ ಮುಖಪುಟದಲ್ಲಿ ಎಂ.ಬಿ.ಬಿ.ಎಸ್. ಬೇಡ, ಆರೋಗ್ಯದ ಬಗ್ಗೆ ಪುಸ್ತಕ ಬರೆದಿದ್ದರೆ ಖಂಡಿತ ಬೇಕು. ಎಂ.ಎ. ಇದ್ದಮೇಲೆ ಬಿ.ಎ. ಬರೆಯಬೇಕಾಗಿಲ್ಲ. ವೃತ್ತಿಗೆ ಪರವಾನಗಿ ಕೊಡುವ ಪದವಿಯನ್ನು ಮಾತ್ರ ಬಿಡಬಾರದು. ಇಂಜೆಕ್ಷನ್ ಕೊಡುವವರು, ಕಟ್ಟಡದ ಪಾಯ ನೋಡುವವರು, ಲೆಕ್ಕಕ್ಕೆ ಸಹಿ ಹಾಕುವವರು, ಕಕ್ಷಿದಾರನ ಪರ ವಾದಿಸುವವರು ಸಂಕೋಚಪಡದೆ ಪೂರ್ತಿಯಾಗಿ, ಓದಲು ಬರುವ ಅಳತೆಯಲ್ಲಿ, ನೋಂದಣಿ ಸಂಖ್ಯೆಯ ಸಮೇತ ಬರೆಯಲಿ. ನಾವೂ ಅದನ್ನು ಓದಿ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. "ತಮ್ಮ ನೋಂದಣಿ ಸಂಖ್ಯೆ ಯಾವುದು ಸಾರ್?" ಎಂದು ವಿನಯದಿಂದ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿಜವಾಗಿ ಓದಿದವರ ಅಕ್ಷರಗಳಿಗೆ ಬೆಲೆ ಉಳಿಯುವುದು ಹಾಗೆ ಕೇಳುವವರಿಂದಲೇ.